ಪರದೆಯ ಮೇಲೆ ಸವೆದ ಜಾಗ

ರಿಪೇರಿ ಅಂಗಡಿಯ ಮಿಲೆನ್‌ಗೆ,

ಲ್ಯಾಪ್‌ಟಾಪ್ ಪರದೆಯ ಲೇಪ ಒಂದೇ ಕಡೆ ಯಾಕೆ ಸವೆದಿದೆ ಎಂದು ನೀನು ಕೇಳಿದ್ದೆ. "ಯಾರೂ ಮುಟ್ಟಿಲ್ಲ ಕಣೋ" ಅಂತ ನಾನು ಅಂದದ್ದು ಸುಳ್ಳು. ಮಂಡಿನೋವಿನಿಂದ ಗುಡ್ಡದ ಚರ್ಚಿಗೆ ಹತ್ತಲಾರದ ನಾವು ಆರು ಮುದುಕಿಯರು ದಿನವೂ ಅದರಲ್ಲೇ ಪೂಜೆ ನೋಡುತ್ತೇವೆ. ದೇವಮಾತೆಯ ಚಿತ್ರ ಬಂದಾಗ ಅವಳ ಕೈಗೆ ಮುತ್ತಿಡುತ್ತೇವೆ. ಪ್ರತಿ ಮುತ್ತಿನ ನಂತರವೂ ಮನೆಯಲ್ಲಿ ಇಳಿಸಿದ ರಾಕಿಯಾ ಸಾರಾಯಿಯಲ್ಲಿ ಬಟ್ಟೆ ಅದ್ದಿ ಪರದೆ ಒರೆಸುತ್ತೇವೆ.

ವಾರಂಟಿ ಹೋದರೆ ಹೋಗಲಿ. ಆ ಲೇಪವನ್ನು ಯಾವುದರಿಂದ ಮಾಡುತ್ತಾರೆ? ಸವೆದದ್ದು ನಮ್ಮ ಹೊಟ್ಟೆಗೇ ಹೋಗಿರಬೇಕಲ್ಲ?

ನಮ್ಮಲ್ಲೊಬ್ಬಳು, ತೊಂಬತ್ತೊಂದು ವರ್ಷದ ರಾಡ್ಕಾ, ನಗುತ್ತಾಳೆ: "ವಿಷ ಆಗಿದ್ರೆ ನಾನಿನ್ನೂ ಇರ್ತಿದ್ನೇನೇ, ಪೆದ್ದಿ? ನಾನಂತೂ ಮುತ್ತಿಡೋದು ಬಿಡಲ್ಲ."

ಆಗಸ್ಟ್ ಹದಿನೈದಕ್ಕೆ ದೇವಮಾತೆಯ ಹಬ್ಬ. ಅಷ್ಟರೊಳಗೆ ಲ್ಯಾಪ್‌ಟಾಪ್ ಕಳಿಸು. ಹೊಸ ಲೇಪ ಹಾಕುವುದಾದರೆ, ತಿಂದರೆ ಏನೂ ಆಗದಂಥದ್ದನ್ನು ಹಾಕು.

ಮೇಲಿನ ಕೇರಿಯ
ದೊನ್ಕಾ ಅಜ್ಜಿ