ಮೇಷ್ಟರ ಪಾಲಿನ ಮೂಟೆ

ತಿರುಮಣಿ, ಪಾವಗಡ ತಾಲ್ಲೂಕು

ಪರ್ವತಯ್ಯ ಮೇಷ್ಟರಿಗೆ,

ಪ್ರಿನ್ಸಿಪಾಲರಾದಿರಂತೆ, ಸಂತೋಷ. ಎರಡು ವರ್ಷ ನಿಮ್ಮ ಹತ್ತಿರ ತೆಲುಗು ಓದಿದವಳು ಕನ್ನಡದಲ್ಲಿ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡಿ. ತೆಲುಗಿನಲ್ಲಿ ಬರೆಯಲು ಕೂತರೆ ನಿಮ್ಮ ಪಾಠದ ದನಿಯೇ ಕಿವಿಗೆ ಬರುತ್ತದೆ, ಬೈಯಲು ಮನಸ್ಸಾಗುವುದಿಲ್ಲ. ಇವತ್ತು ನನಗೆ ಬೈಯಲೇಬೇಕಾಗಿದೆ.

ನೀವು ಮೊದಲ ಸಲ ನಮ್ಮ ಹೊಲಕ್ಕೆ ಬಂದದ್ದು ನೆನಪಿದೆಯೇ? ಸೋಲಾರ್ ಪಾರ್ಕಿಗೆ ಕೊಟ್ಟು ಉಳಿದ ತುಂಡು ನೆಲದಲ್ಲಿ ನಾನೂ ಅಮ್ಮನೂ ಕಡಲೆಕಾಯಿ ಬಿಡಿಸುತ್ತಿದ್ದೆವು. ಪಾವಗಡದ ಕಾಲೇಜಿನಲ್ಲಿ ತೆಲುಗು ವಿಭಾಗ ಮುಚ್ಚುತ್ತಾರಂತೆ, ಓದುವ ಮಕ್ಕಳು ಬೇಕು, ಮೇಷ್ಟರ ಅರ್ಧ ಸಂಬಳ ಊರಿನವರು ಹೊತ್ತರೆ ಮಾತ್ರ ಟ್ರಸ್ಟಿನವರು ನಡೆಸುತ್ತಾರಂತೆ ಎಂದಿರಿ. ಹೇಳುವಾಗ ನಿಮ್ಮ ಕಣ್ಣು ತುಂಬಿತ್ತು. ನಾನು ಅದನ್ನು ನಂಬಿದೆ.

"ದುಡ್ಲು ಲೇವು, ಕಾಯಲು ಇಸ್ತಾಮು" ಎಂದಳು ಅಮ್ಮ. ದುಡ್ಡಿಲ್ಲ, ಕಾಯಿ ಕೊಡುತ್ತೇವೆ ಎಂದು. ಅವಳ ಮಾತಿಗೇ ಮನೆಮನೆಯವರು ಸುಗ್ಗಿಗೊಂದು ಮೂಟೆ ಕಡಲೆಕಾಯಿ ನಿಮ್ಮ ಸಂಬಳಕ್ಕೆಂದು ಎತ್ತಿಟ್ಟರು. ಬೆಳೆ ಕೈಕೊಟ್ಟ ವರ್ಷ ಅಮ್ಮ ಬಿತ್ತನೆಗೆ ಇಟ್ಟಿದ್ದನ್ನೇ ಸುರಿದಳು. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ನೀವು ಬಿಎಗೆ ಸೇರಿಸಿದಿರಿ. "ನನ್ನ ನಂತ್ರ ಇಲ್ಲಿ ಪಾಠ ಹೇಳೋಳು ನೀನೇ ಕಣಮ್ಮ" ಎಂದಿರಿ. ಆ ಮಾತಿನ ಮೇಲೆ ನಾನು ಎರಡು ವರ್ಷ ಬದುಕಿದ್ದೇನೆ ಮೇಷ್ಟ್ರೇ.

ಆಮೇಲೆ ಟ್ರಸ್ಟಿನ ಸಭೆ. "ಈ ವಿಭಾಗ ನಡೆಸೋ ಖರ್ಚಲ್ಲಿ ಒಂದು ಕಂಪ್ಯೂಟರ್ ಲ್ಯಾಬ್ ಆಗ್ತದೆ" ಎಂದರು ಅಧ್ಯಕ್ಷ ಬಸವಲಿಂಗಯ್ಯನವರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಯಾವತ್ತೂ ಹಾಗೇ. ನಿಮ್ಮ ಅಭಿಪ್ರಾಯ ಕೇಳಿದರಲ್ಲ, ಆಗ ನೀವು, "ಈಗಿನ ಕಾಲ್ದಲ್ಲಿ ತೆಲುಗು ಯಾರಿಗ್ ಬೇಕು ಬುಡಿ ಸಾರ್" ಎಂದಿರಿ. ನಿಮಗೆಂದು ಅಮ್ಮ ಕಟ್ಟಿದ್ದ ಕಡಲೆಕಾಯಿ ಉಂಡೆಯ ಡಬ್ಬಿ ಹಿಡಿದು ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನನ್ನು ನೋಡಿದಿರಿ. ನೋಡಿ, ಕನ್ನಡಕ ಒರೆಸಲು ತೊಡಗಿದಿರಿ. ಉಂಡೆಗಳನ್ನು ಬಸ್ಸಿನಲ್ಲಿ ಅಕ್ಕಪಕ್ಕದವರಿಗೆ ಹಂಚಿಬಿಟ್ಟೆ.

ವಾರ ಕಳೆಯುವುದರಲ್ಲಿ ವಿಭಾಗ ಮುಚ್ಚಿತು, ನೀವು ಪ್ರಿನ್ಸಿಪಾಲರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳಲಿ? ತೆಲುಗು ಭಾಷಾ ಅಲ್ಪಸಂಖ್ಯಾತರ ಕಾಲೇಜು ಎಂಬ ಬೋರ್ಡು ಗೇಟಿನಲ್ಲಿ ಹಾಗೇ ಇದೆ. ನನಗೆ ಮಾತ್ರ ಬೇರೆ ವಿಷಯ ತೆಗೆದುಕೊಂಡು ಮೊದಲ ವರ್ಷದಿಂದ ಓದು ಎನ್ನುತ್ತಾರೆ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಮೊನ್ನೆ ಕಾಯಿ ಬಿಡಿಸಿದ್ದಾಯಿತು. ಒಂದು ಮೂಟೆಯನ್ನು ಬೇರೆಯಾಗಿ ಗೋಡೆಗೆ ಒರಗಿಸಿ, "ಅಯ್ಯವಾರು ಒಸ್ತಾರು" ಎಂದಳು. ಮೇಷ್ಟರು ಬರುತ್ತಾರೆ ಎಂದು. ಮಾರಿಬಿಡೋಣ ಎಂದದ್ದಕ್ಕೆ ನನ್ನ ಮೇಲೇ ರೇಗಿದಳು.

ನೀವೇ ಬನ್ನಿ ಮೇಷ್ಟ್ರೇ. ಮೂಟೆ ನಿಮ್ಮದೇ, ಒಯ್ಯಿರಿ. ಆದರೆ ಸಭೆಯಲ್ಲಿ ಆಡಿದ ಆ ಮಾತನ್ನು ಅಮ್ಮನ ಮುಂದೆ ಒಂದು ಸಲ ಆಡಿ ಹೋಗಿ. ಅವಳಿಗೆ ಕನ್ನಡ ಬರುವುದಿಲ್ಲ. ತೆಲುಗಿನಲ್ಲೇ ಹೇಳಬೇಕಾಗುತ್ತದೆ.

ಹೊಸ ಕುರ್ಚಿಯಲ್ಲಿ ದೇವರು ನಿಮಗೆ ಆಯುಸ್ಸು, ಆರೋಗ್ಯ ಕೊಡಲಿ.

ನಿಮ್ಮ ವಿಭಾಗದ ಕೊನೆಯ ವಿದ್ಯಾರ್ಥಿನಿ,
ವನಜಾ