ಸ್ಟಾರ್ಟ್ ಗುಂಡಿಯ ತಪ್ಪು

ಅವ್ವಾ,

ಇದ್ದಾಗ ಮನೆಗೆ ಬಂದ ಕಾಗದಪತ್ರವನ್ನೆಲ್ಲ ನಿನ್ನ ಸೊಸೆ ಮಂಜುಳನ ಕೈಯಲ್ಲಿ ಓದಿಸಿ ಕೇಳುತ್ತಿದ್ದೆಯಲ್ಲ, ಇದನ್ನೂ ಅಲ್ಲಿ ಯಾರನ್ನಾದರೂ ಹಿಡಿದು ಓದಿಸಿಕೋ. ನೀನು ಹೋಗಿ ಏಳು ತಿಂಗಳಾಯಿತು. ಬದುಕಿದ್ದಾಗ ನಿನ್ನ ತಲೆಗೆ ಕಟ್ಟಿದ ಒಂದು ತಪ್ಪು ನನ್ನದೇ ಎಂದು ಹೋದ ವಾರ ಗೊತ್ತಾಯಿತು. ಅದನ್ನು ನಿನಗೆ ಹೇಳಲೆಂದೇ ಬರೆಯುತ್ತಿದ್ದೇನೆ.

ನೀನು ಹೋಗುವುದಕ್ಕೆ ಎರಡು ವರ್ಷ ಮೊದಲು ಒಂದು ದಿನ ನಿನ್ನ ತಂಗಿ, ನಮ್ಮ ಹೆಮ್ಮರಗಾಲದ ಚಿಕ್ಕವ್ವ, ಮನೆಗೆ ಬಂದಿದ್ದಳು. ಅವಳಿಗೆ ತೋರಿಸಬೇಕೆಂದು ನೀನು ವಾಷಿಂಗ್ ಮಿಷಿನ್‌ಗೆ ಬಟ್ಟೆ ತುಂಬಿ ಸ್ಟಾರ್ಟ್ ಗುಂಡಿ ಒತ್ತಿದೆ. ಒತ್ತಿದ ಗುಂಡಿ ಒಳಗೇ ಕೂತಿತು. ಮಿಷಿನ್ ಕೀ ಕೀ ಎಂದಿತೇ ಹೊರತು ತಿರುಗಲಿಲ್ಲ. ನಾನು ನನ್ನ ರಿಪೇರಿ ಅಂಗಡಿಗೆ ಹೊರಟಿದ್ದವನು ಬಂದು, ಉಗುರಲ್ಲಿ ಗುಂಡಿಯನ್ನು ಮೀಟಿ ಈಚೆಗೆ ಎಳೆದೆ. ಆಮೇಲೆ ನಿನ್ನ ತಂಗಿಯ ಎದುರಿಗೇ ಅಂದೆ, “ನಿನ್ನ ಕೈ ಒನಕೆ ಹಿಡಿದ ಕೈ ಕಣವ್ವ. ಕುಟ್ಟೋದೊಂದೇ ಗೊತ್ತು. ಇನ್ಮೇಲೆ ಇದನ್ನ ಮುಟ್ಬೇಡ.” ನೀನು ಸೆರಗಲ್ಲಿ ಕೈ ಒರೆಸಿಕೊಂಡು, “ಆಯ್ತು ಬುಡು ಮಗ, ಮುಟ್ಟಕಿಲ್ಲ” ಅಂದೆ. ಅಷ್ಟೇ. ಚಿಕ್ಕವ್ವ ಮಾತ್ರ ನನ್ನ ಮುಖ ನೋಡಲಿಲ್ಲ.

ಹಿತ್ತಲಿನ ಒಗೆಯುವ ಕಲ್ಲು ನೆನಪಾದರೆ ನನಗೆ ಈಗ ಆ ಕಡೆ ಹೋಗುವುದಕ್ಕೇ ಆಗುವುದಿಲ್ಲ. ಎರಡು ವರ್ಷ ನಿನ್ನ ಸೀರೆಯನ್ನು ನೀನು ಅಲ್ಲೇ ಒಗೆದುಕೊಂಡೆ, ಮಂಡಿ ಊದಿಕೊಂಡಿದ್ದಾಗಲೂ. ಮಂಜುಳ ಕಿತ್ತುಕೊಂಡು ಮಿಷಿನ್‌ಗೆ ಹಾಕಲು ಬಂದರೆ, ಬೇಡ ತಾಯಿ, ಅವನು ಬೈಯುತ್ತಾನೆ ಎನ್ನುತ್ತಿದ್ದೆಯಂತೆ. ಅವಳೇ ಗುಂಡಿಯನ್ನು ಒತ್ತಿ, ಮೀಟಿ, ಹೇಗೋ ಸಂಭಾಳಿಸುತ್ತಿದ್ದಳು. ನೀನು ಆಗಾಗ ನನ್ನ ಹತ್ತಿರ, ಒಂದು ಸಲ ಅದನ್ನು ಬಿಚ್ಚಿ ನೋಡಬಾರದಾ ಎಂದು ಕೇಳುತ್ತಿದ್ದೆ. ಮನೆಯ ಮಿಷಿನ್ ಬಿಚ್ಚುವುದಕ್ಕೆ ನನಗೆಲ್ಲಿ ಪುರುಸೊತ್ತು? ಊರವರ ಮಿಷಿನ್‌ಗಳೆಲ್ಲ ಅಂಗಡಿಯಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಗುಂಡಿ ಸಿಕ್ಕಿಕೊಂಡರೆ ಮೇಲಿನ ಪ್ಲಾಸ್ಟಿಕ್ಕಿನ ತಪ್ಪೋ, ಹಿಂದಿನ ಸ್ವಿಚ್ಚಿನ ತಪ್ಪೋ, ಬಿಚ್ಚಿ ನೋಡದೆ ಬಾಯಿ ಬಿಡಬಾರದು ಎಂದು ನರಸೀಪುರದ ಗಿರಾಕಿಗಳಿಗೆಲ್ಲ ಪಾಠ ಹೇಳುವವನು ನಾನು. ನಿನ್ನ ವಿಷಯಕ್ಕೆ ಬಂದಾಗ ಆ ಪಾಠ ಎಲ್ಲಿ ಹೋಗಿತ್ತೋ...

ಹೋದ ವಾರ ಮಧ್ಯಾಹ್ನ ಗುಂಡಿ ಪೂರ್ತಿ ಕಚ್ಚಿಕೊಂಡಿತು. ಮೀಟಿದರೂ ಬರಲಿಲ್ಲ. ಪ್ಲಗ್ ಕಿತ್ತು, ಮೇಲಿನ ಪ್ಯಾನೆಲ್ಲಿನ ಸ್ಕ್ರೂ ಬಿಚ್ಚಿ, ಬೋರ್ಡನ್ನು ಈಚೆಗೆ ತೆಗೆದೆ. ನೀನು ಕುಟ್ಟಿ ಸ್ವಿಚ್ ಮುರಿದಿರಬೇಕು ಎಂಬ ಲೆಕ್ಕದಲ್ಲಿ, ಹೊಸ ಸ್ವಿಚ್ಚನ್ನು ಜೇಬಿನಲ್ಲಿ ಇಟ್ಟುಕೊಂಡೇ ಕೂತಿದ್ದೆ. ಮೀಟರ್ ಹಿಡಿದು ನೋಡಿದರೆ ಸ್ವಿಚ್ ಚೆನ್ನಾಗಿತ್ತು. ಬೆರಳಲ್ಲಿ ಒತ್ತಿದರೆ ಟಕ್ ಎಂದು ಒಳಗೆ ಹೋಗಿ, ಟಕ್ ಎಂದು ಈಚೆಗೆ ಬಂತು. ಹಾಗಾದರೆ ಮೇಲಿನ ಪ್ಲಾಸ್ಟಿಕ್ ಗುಂಡಿ. ತಿರುಗಿಸಿ ನೋಡಿದೆ. ಸುತ್ತಲೂ ಕೆಂಪಗೆ ಗಟ್ಟಿಯಾಗಿ ಹೆಪ್ಪುಗಟ್ಟಿದ್ದು ಕುಂಕುಮ, ಅವ್ವ. ಗಂಧ ಬೆರೆತ ಕುಂಕುಮ. ಮಿಷಿನ್ ತಂದ ವರ್ಷದ ಆಯುಧಪೂಜೆಯಲ್ಲಿ ಅದನ್ನು ಇಟ್ಟವನು ನಾನೇ. ಕೈ ಮೊದಲು ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಬೊಟ್ಟಿಡಬೇಕು ಎನ್ನುವುದು ನಾನೇ ಮಾಡಿಕೊಂಡ ಪದ್ಧತಿ. ನೀರು ನೀರಾದ ಗಂಧವನ್ನು ಗುಂಡಿಯ ಮೇಲೆ ಬಳಿದು, ಅದರ ಮೇಲೆ ಬೆರಳ ತುಂಬ ಕುಂಕುಮ ಒತ್ತಿದ್ದೆ. ಅದು ಸಂದಿಗೆ ಇಳಿದು ಒಣಗಿತ್ತು. ನಿನ್ನ ಒನಕೆ ಕೈ ಅದಕ್ಕೆ ಏನು ಮಾಡಿತ್ತು? ಏನೂ ಮಾಡಿರಲಿಲ್ಲ.

ಭಾನುವಾರ ನಂಜನಗೂಡಿನಲ್ಲಿ ಬಸ್ ಬದಲಾಯಿಸಿ ಹೆಮ್ಮರಗಾಲಕ್ಕೆ ಹೋದೆ. ಯಾರ ಎದುರಿಗೆ ನಿನ್ನನ್ನು ಅಂದಿದ್ದೆನೋ ಅವರ ಎದುರಿಗಾದರೂ ಒಪ್ಪಿಕೊಳ್ಳಬೇಕಲ್ಲ. ಚಿಕ್ಕವ್ವ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಅವಳ್ಗೆ ಅವತ್ತೇ ಗೊತ್ತಿತ್ತು ಕಣಪ್ಪ” ಅಂದಳು. “ನೀನು ಅಂಗ್ಡಿಗೆ ಓದ್ಮೇಲೆ ಬಳೆಗೆ ಸಿಕ್ಕಿಸ್ಕಂಡಿದ್ದ ಪಿನ್ನಲ್ಲಿ ಸಂದಿ ಕೆರೆದ್ಲು. ಕುಂಕುಮ ಉದುರ್ತು. ಅವ್ನಿಗೆ ಯೋಳು ಅಕ್ಕ ಅಂದೆ ನಾನು. ಬ್ಯಾಡ ಬುಡು, ತನ್ ಮನೆ ಮಿಷಿನ್ನ ತಾನೇ ಕೆಡಿಸ್ಕಂಡವ್ನೆ ಅಂತ ನಾಕ್ ಜನ ಆಡ್ಕಂಡ್ರೆ ಅವ್ನ್ ಅಂಗ್ಡಿಗೆ ಯಾರ್ ಬತ್ತಾರೆ, ನನ್ ಕೈ ಅಂತ್ಲೇ ಇರ್ಲಿ ಅಂದ್ಲು.”

ಏನವ್ವ ಇದು? ಬಿಚ್ಚಿ ನೋಡು, ಬಿಚ್ಚಿ ನೋಡು ಎಂದು ನನ್ನ ಹಿಂದೆ ಬಿದ್ದಿದ್ದು ಇದಕ್ಕೇನಾ? ನನ್ನಷ್ಟಕ್ಕೆ ನಾನೇ ಕಂಡುಕೊಳ್ಳಲಿ ಅಂತಲಾ? ನಾಲ್ಕು ಸ್ಕ್ರೂ, ಅವ್ವ. ಹತ್ತು ನಿಮಿಷದ ಕೆಲಸ. ನೀನಿದ್ದಾಗ ಆ ಹತ್ತು ನಿಮಿಷ ಕೂತಿದ್ದರೆ, ನಿನ್ನ ಕೈ ಹಿಡಿದು ತಪ್ಪಾಯಿತು ಅನ್ನಬಹುದಿತ್ತು. ಈಗ ಯಾರ ಕೈ ಹಿಡಿಯಲಿ? ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ನಾಚಿಕೆ ಬಿಟ್ಟು ಅತ್ತೆ.

ನಿನಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ. ನೀನು ಎರಡು ವರ್ಷ ಮುಚ್ಚಿಟ್ಟಿದ್ದನ್ನು ನಾನೀಗ ಅಂಗಡಿಯಲ್ಲಿ ಹೇಳುತ್ತಿದ್ದೇನೆ. ಗುಂಡಿ ಸಿಕ್ಕಿಕೊಂಡಿದೆ ಎಂದು ಯಾರು ಬಂದರೂ ಮೊದಲು ಇದನ್ನು ಹೇಳಿ ಆಮೇಲೆ ಸ್ಕ್ರೂಡ್ರೈವರ್ ಹಿಡಿಯುತ್ತೇನೆ. ಹೇಳಬೇಡ ಎಂದು ನೀನು ಬೈದರೂ ಸರಿ, ಬಿಡುವುದಿಲ್ಲ. ಮೊನ್ನೆ ಒಬ್ಬರು ಪೂರ್ತಿ ಕೇಳಿ ನಕ್ಕರು. ಸ್ವಂತ ಮನೇದೇ ಗೊತ್ತಾಗಲಿಲ್ಲ, ನಮ್ಮದು ಏನು ನೋಡ್ತೀಯಪ್ಪ ಎಂದು, ಇಳಿಸಿದ್ದ ಮಿಷಿನ್ನನ್ನು ಮತ್ತೆ ಆಟೋಗೆ ಹಾಕಿಸಿಕೊಂಡು ಬೇರೆ ಅಂಗಡಿಗೆ ಹೋದರು. ನೀನು ಹೆದರಿದ್ದ ಹಾಗೇ ಆಯಿತು. ನಾನು ತಡೆಯಲಿಲ್ಲ.

ಹೋದರೆ ಹೋಗಲಿ, ಅವ್ವ. ನಿನ್ನ ಕೈಯದೇನೂ ತಪ್ಪಿರಲಿಲ್ಲ.

ನಿನ್ನ ಮಗ