ತುದಿ ಮಡಿಸಿದ ತಂತಿ

ದೆಹಲಿ, ಮಂಗಳವಾರ

ಅವ್ವಾ, ಶರಣು.

ಫೋನಿನಲ್ಲಿ ಹೇಳಹೊರಟರೆ ಅತ್ತುಬಿಡುತ್ತೇನೆ, ಅದಕ್ಕೇ ಈ ಕಾರ್ಡು. ಇಲ್ಲಿನ ವಿಮಾನ ಮ್ಯೂಸಿಯಮ್ಮಿನಲ್ಲಿ ಹೆಸರಿನ ಫಲಕ ಕಳಚಿಹೋದ ಹಳೆಯ ಎಂಜಿನ್ನುಗಳನ್ನು ಗುರುತಿಸುವುದು ನಮ್ಮ ಕೆಲಸ. ಇವತ್ತು ಒಂದರಲ್ಲಿ ಹದಿನಾಲ್ಕು ಸಿಲಿಂಡರ್ ಎಣಿಸಿ, ಪುಸ್ತಕದ ಚಿತ್ರಕ್ಕೆ ಹೋಲಿಸಿದೆವು. ಅಪ್ಪ ವಾಯುಪಡೆಯಲ್ಲಿ ರಿಪೇರಿ ಮಾಡುತ್ತಿದ್ದ ಹೆಲಿಕಾಪ್ಟರಿನದೇ! ಗ್ರೀಸ್ ಒರೆಸಿದರೆ, ಬೋಲ್ಟು ಸಡಿಲವಾಗದಂತೆ ಹೆಣೆದ ತಂತಿ ಕಂಡಿತು. ತುದಿ ಒಳಕ್ಕೆ ಮಡಿಸಿತ್ತು, ನಮ್ಮ ತೆರಕಣಾಂಬಿ ಕೊಟ್ಟಿಗೆಯ ಗೇಟಿಗೆ ಅಪ್ಪ ಕಟ್ಟಿದ್ದರಲ್ಲ, ಥೇಟ್ ಹಾಗೆ. “ತುದಿ ಒಳಕ್ ಮಡಿಸ್ಬುಡ್ಬೇಕು ಕಣಮ್ಮಿ, ಆಮೇಲ್ ಕೈ ಆಕೋರ್ಗೆ ಗೀರ್ಬಾರ್ದು” ಅನ್ನುತ್ತಿದ್ದರು. ಎಲ್ಲ ಫಿಟ್ಟರುಗಳೂ ಹಾಗೇ ಮಡಿಸುತ್ತಾರಂತೆ, ಅಪ್ಪನದೇ ಕೈಕೆಲಸ ಎಂದು ಹೇಳಲಾರೆ. ಅವರು ತೀರಿಹೋಗಿ ಮೂರು ವರ್ಷವಾಯಿತು. ಊಟಕ್ಕೆ ಕರೆಯುವ ತನಕ ಬೆರಳನ್ನು ಅಲ್ಲೇ ಇಟ್ಟುಕೊಂಡಿದ್ದೆ.

ಇಲ್ಲಿನ ನೀರಿಗೆ ಕೆಟ್ಟಿದ್ದ ಹೊಟ್ಟೆ ಸರಿಹೋಗಿದೆ. ನೀನು ಮಂಡಿಗೆ ಎಣ್ಣೆ ಹಚ್ಚುವುದು ತಪ್ಪಿಸಬೇಡ. ತಮ್ಮನಿಗೆ ಹೇಳು, ಕೊಟ್ಟಿಗೆಗೆ ಹೊಸ ಗೇಟು ಹಾಕಿಸಲಿ, ಹಳೆಯದರ ತಂತಿಯನ್ನು ಮಾತ್ರ ಕತ್ತರಿಸದಿರಲಿ. ದೀಪಾವಳಿಗೆ ಬಂದು ನಾನೇ ಬರಿಗೈಯಲ್ಲಿ ಬಿಚ್ಚುತ್ತೇನೆ. ಗೀರುವುದಿಲ್ಲ.

ಮಧುಶ್ರೀ